ಕೆಂಪು ದ್ರಾಕ್ಷಿಯ ಬೆನ್ನು ಹತ್ತಿ

ಖಜೂರಿಯ ನಮ್ಮ ಹೊಲದಲ್ಲಿರುವುದು ಬೀಜವಿಲ್ಲದ ಬಿಳಿ ದ್ರಾಕ್ಷಿ. ಸೊಲ್ಲಾಪುರದ ವ್ಯಾಪಾರಿಗಳು ಕೇಳುವುದು ಅದನ್ನೇ, ನಾವು ಬೆಳೆಯುವುದೂ ಅದನ್ನೇ. ಇಷ್ಟು ವರ್ಷ ಬಳ್ಳಿಯ ಕೆಳಗೆ ಓಡಾಡಿದವನು ನಾನು, ನಮ್ಮ ಸೀಮೆಯ ದ್ರಾಕ್ಷಿಯೆಲ್ಲ ಗೊತ್ತು ಎಂದುಕೊಂಡಿದ್ದೆ.

ನನ್ನ ತಂಗಿಯ ಮಗಳನ್ನು ಇಜೇರಿಗೆ ಕೊಟ್ಟಿದ್ದೇವೆ. ಒಮ್ಮೆ ಶಿವರಾತ್ರಿ ಮುಗಿದ ಮೇಲೆ ಅವಳ ಮಗುವಿನ ತೊಟ್ಟಿಲ ಕಾರ್ಯಕ್ಕೆ ನಾನೂ ನನ್ನ ಹೆಂಡತಿಯೂ ಹೋದೆವು. ಊಟವಾಗಿ ಕೂತಾಗ ಅವಳ ಅತ್ತೆ ಒಂದು ತಾಟಿನಲ್ಲಿ ದ್ರಾಕ್ಷಿ ತಂದಿಟ್ಟರು. ಸಣ್ಣ ಹಣ್ಣು, ಕುಂಕುಮದ ಕೆಂಪು. ಹೆಂಡತಿ ಒಂದನ್ನು ಬಾಯಿಗೆ ಹಾಕಿಕೊಂಡವಳು ಬೀಜ ಉಗುಳುವುದನ್ನೂ ಮರೆತು ನನ್ನ ಮುಖ ನೋಡಿದಳು. ನಾನೂ ತಿಂದೆ. ತೆಳುವಾದ ಸಿಪ್ಪೆ, ಸಿಹಿಯ ಹಿಂದೆಯೇ ಗುಲಾಬಿಯಂಥ ಪರಿಮಳ.

“ಎಲ್ಲಿಂದ ತರಿಸೀರಿ?” ಎಂದು ಕೇಳಿದೆ.

“ತರಸೂದೇನ್ರಿ ಬೀಗರ, ಹಿತ್ತಲದಾಗ ಅದ. ನಮ್ಮತ್ತಿ ಹಚ್ಚಿದ್ದು.”

ಎದ್ದು ಹೋಗಿ ನೋಡಿದೆವು. ಬಾವಿಯ ಕಲ್ಲುಕಂಬದಿಂದ ಹತ್ತಿ ದನದ ಕೊಟ್ಟಿಗೆಯ ತಗಡಿನ ತುಂಬ ಹಬ್ಬಿತ್ತು. ಯಾವ ತಳಿ ಎಂದರೆ ಬೀಗಿತಿಗೆ ನಗು. “ನಾವು ಕೆಂಪ ದ್ರಾಕ್ಷಿ ಅಂತೀವಿ, ಅಷ್ಟ.” ಹೆಂಡತಿ ಆಗಲೇ ಒಂದು ಕಡ್ಡಿಗೆ ಕೈ ಹಾಕಿದ್ದಳು. “ಹಣ್ಣ ಇದ್ದಾಗ ಮುರಿಬ್ಯಾಡ್ರಿ. ದಸರಾದ ಮುಂದ ಚಾಟ್ನಿ ಮಾಡ್ತೇವಲ್ಲ, ಆಗ ಬರ್ರಿ, ಬೇಕಾದಷ್ಟು ಕೊಡ್ತೇನಿ” ಎಂದರು. ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಅದು ನನ್ನ ವರ್ಷ ವರ್ಷದ ಕೆಲಸ. ಹೆಂಡತಿಗೆ ನಾನೇ ಹೇಳಬೇಕಾಗಿದ್ದ ಮಾತನ್ನು ಅವರು ಹೇಳಿದರು.

ಬರುವಾಗ ಬಸ್ಸಿನಲ್ಲಿ ಹೆಂಡತಿ, “ಇಜೇರ್ಯಾಗ ಒಂದ್ ಇದ್ರ, ಬ್ಯಾರೆ ಊರಾಗೂ ಇರಬೇಕಲ್ರಿ?” ಎಂದಳು. ಅಲ್ಲಿಂದ ಅವಳಿಗೆ ಅದೇ ಧ್ಯಾನ. ಮದುವೆಯಲ್ಲಿ, ಗಿರಣಿಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಹತ್ತಿರ, ಎಲ್ಲ ಕಡೆ ವಿಚಾರಿಸಿದಳು. ಮುಂದಿನ ಹಂಗಾಮಿನಲ್ಲಿ ಅಂಥದೊಂದು ಸುದ್ದಿಯ ಮೇಲೆಯೇ ನಾವು ಅಫಜಲಪುರಕ್ಕೆ ಹೋದದ್ದು. ಅಲ್ಲಿ ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರ ಅಂಗಳದಲ್ಲಿ ಚಪ್ಪರವಿತ್ತು. ಉದ್ದನೆಯ ಹಣ್ಣು, ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಹಸಿರು. ಕಚ್ಚಿದರೆ ಕಟುಮ್ಮೆನ್ನುತ್ತಿತ್ತು.

“ಇದು ಸಾಹೇಬಿ ರೀ. ನಮ್ಮ ದಾದಾ, ಅಂದ್ರ ನಮ್ಮಜ್ಜ, ಹೈದರಾಬಾದಿಂದ ತಂದು ಹಚ್ಚಿದ್ದು,” ಎಂದರು ಮಾಸ್ತರರು. “ಭಾಳ ಮಿಜಾಜು ಇದರದು. ಒಂದ್ ವರ್ಷ ಕೊಟ್ರ ಮುಂದಿನ ವರ್ಷ ಕೊಡಂಗಿಲ್ಲ.”

“ಮತ್ತ್ಯಾಕ ಇಟ್ಟೀರಿ?” ಎಂದಳು ಹೆಂಡತಿ.

“ನನ್ನ ಮಿಜಾಜೂ ಹಂಗ ಅದ ತಾಯಿ. ಆದ್ರೂ ಮನ್ಯಾಗ ಇಟ್ಕೊಂಡಾರಲ್ಲ.”

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಚಹಾ ಕುಡಿಸದೆ ಅವರು ನಮ್ಮನ್ನು ಬಿಡಲಿಲ್ಲ.

ಮೂರನೆಯದು ಸಿಕ್ಕಿದ್ದು ಆಳಂದದಲ್ಲಿಯೇ, ನಾನು ಯಾವಾಗಲೂ ಗೊಬ್ಬರ ತರುವ ಅಂಗಡಿಯ ಹಿಂದೆ. ಕಪ್ಪೆನ್ನುವಷ್ಟು ಕೆಂಪು, ದಪ್ಪ ಸಿಪ್ಪೆ. ಒಂದು ತಿಂದರೆ ಹಲ್ಲೆಲ್ಲ ಜುಮ್ಮೆನ್ನುವ ಹುಳಿ. “ಗುಬ್ಬಿ ಬಿಟ್ರ ಯಾರೂ ಮುಟ್ಟಂಗಿಲ್ರಿ” ಎಂದು ಅಂಗಡಿಯವನು ಒಂದು ಚೀಲ ತುಂಬಿಯೇ ಕೊಟ್ಟ. ಹೆಂಡತಿ ಅದನ್ನು ಹಿಂಡಿ, ಬೆಲ್ಲ ಹಾಕಿ ಪಾನಕ ಮಾಡಿದಳು. ಮನೆಯವರೆಲ್ಲ ಮತ್ತೆ ಮತ್ತೆ ಕೇಳಿ ಕುಡಿದರು. ಉಳಿದದ್ದನ್ನು ಬರಣಿಯಲ್ಲಿಟ್ಟು ಮರೆತಿದ್ದೆವು. ಒಂದೆರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಬುಸುಬುಸು ನೊರೆ, ಮೂಗಿಗೆ ಹೊಡೆಯುವ ಹೆಂಡದ ಘಾಟು. “ಇದನ್ನ ಕುಡದ್ರ ಜಿಡಗಾ ಮಠಕ್ಕ ಹೋಗಾಕ ನಮಗ ಮಾರಿ ಇರಂಗಿಲ್ಲ” ಎನ್ನುತ್ತ ಹೆಂಡತಿ ಹಿತ್ತಲಿಗೆ ಚೆಲ್ಲಿ ಬಂದಳು. ಸಂಜೆಯವರೆಗೂ ನೆನೆನೆನೆದು ನಗುತ್ತಿದ್ದಳು.

ಹಿಂದಿನ ದಸರೆ ನಮ್ಮ ಹೊಲದ ಚಾಟ್ನಿಯಲ್ಲಿಯೇ ಕಳೆದುಹೋಗಿತ್ತು; ಆ ದಸರೆಗೆ ಮೂರೂ ಕಡೆಯಿಂದ ಕಡ್ಡಿ ತಂದು ಮನೆಯ ಮುಂದೆ ಹಚ್ಚಿದೆವು. ಇಜೇರಿಯದು ಒಣಗಿತು. ನನಗಿಂತ ಹೆಚ್ಚು ಪೇಚಾಡಿದವರು ಬೀಗಿತಿ; ಮರುವರ್ಷ ಬೇರು ಬಿಟ್ಟ ಸಸಿಯನ್ನೇ ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದರು. ಈಗ ಮೂರೂ ಒಂದೇ ಚಪ್ಪರಕ್ಕೆ ಹಬ್ಬಿವೆ. ಈ ವರ್ಷ ಸಾಹೇಬಿ ನಾಲ್ಕೈದು ಗೊಂಚಲು ಬಿಟ್ಟಿತು, ಇಜೇರಿಯದು ಕೈತುಂಬ ಬಂತು.

ಬಿಳಿ ದ್ರಾಕ್ಷಿ ನೋಡಲು ಬಂದ ಸೊಲ್ಲಾಪುರದ ವ್ಯಾಪಾರಿಗೂ ಈ ಕೆಂಪನ್ನು ತಿನ್ನಲು ಕೊಟ್ಟೆ. “ರುಚಿ ಛಲೋ ಅದರಿ. ಖರೆ, ಬೀಜದ್ದು ಬಜಾರದಾಗ ನಡ್ಯಂಗಿಲ್ಲ” ಎಂದ.

“ಬಜಾರಕ್ಕ ಯಾರ್ ಕಳಸಾಕತ್ತಾರ?” ಎಂದು ಹೆಂಡತಿ ಇನ್ನೊಂದು ಗೊಂಚಲು ಕೊಯ್ದು ಅವನ ಮುಂದಿಟ್ಟಳು. ಅವನು ಕಟ್ಟೆಯ ಮೇಲೆ ಕೂತು, ಬೀಜಗಳನ್ನು ಅಂಗಳಕ್ಕೆ ಉಗುಳುತ್ತ ಅಷ್ಟನ್ನೂ ತಿಂದು ಮುಗಿಸಿದ.