ಟೆಸ್ಟಿಗೆಂದು ಮುಚ್ಚಿದ ಕಿಟಕಿಗಳು

ಆ ವರ್ಷ ಹತ್ತನೇ ತರಗತಿಗೆ ಪ್ರತಿ ಶನಿವಾರ ಗಣಿತದ ಟೆಸ್ಟ್ ಇರುತ್ತಿತ್ತು. ನಾನು ಗೋಕಾಕದಿಂದ ಬಸ್ಸಿನಲ್ಲಿ ಮೂಡಲಗಿ ಕಡೆಯ ಒಂದು ಹೈಸ್ಕೂಲಿಗೆ ಗಣಿತ ಕಲಿಸಲು ಹೋಗಿಬಂದು ಮಾಡುತ್ತಿದ್ದೆ. ಸೋಮವಾರ ಮಕ್ಕಳ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಅದೂ ಕಡಿಮೆ ಬಂದವರಿಂದ ಶುರುಮಾಡಿ. ನಾಚಿಕೆಯಾದರೆ ಓದುತ್ತಾರೆ ಎಂದು ನಂಬಿದ್ದೆ. ನಾನು ಕಲಿತದ್ದೂ ಹಾಗೆಯೇ.

ನಾಗನೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಒಂದು ಸಲ ಇಪ್ಪತ್ತಕ್ಕೆ ಮೂರು ಬಂತು. ಎಬ್ಬಿಸಿ ನಿಲ್ಲಿಸಿದೆ. "ಮನ್ಯಾಗ ಏನ್ ಮಾಡ್ತಿ? ಪುಸ್ತಕಾ ತಗೀತಿಯೋ ಇಲ್ಲೋ?" ಎಂದೆ. ತರಗತಿ ನಕ್ಕಿತು. ಅಷ್ಟಕ್ಕೂ ಬಿಡದೆ, ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡು ಎಂದು ಕರೆದೆ. ಅವಳು ಬಂದು, ಒಂದು ಕಡೆಯೂ ತಡವರಿಸದೆ ಕೊನೆಯವರೆಗೆ ಮಾಡಿ, ಚಾಕ್‌ಪೀಸ್ ಇಟ್ಟು ಹೋಗಿ ಕುಳಿತಳು.

ಮಧ್ಯಾಹ್ನ ಊಟದ ಹೊತ್ತಿಗೆ ಕರೆದು ಕೇಳಿದೆ. "ಇಷ್ಟ ಚಲೋ ಬರ್ತೈತಲ್ಲ ನಿನಗ. ಹಾಳ್ಯಾಗ ಯಾಕ ಬರೀಲಿಲ್ಲ?"

"ಎಲ್ಲಾರೂ ಸುಮ್ನಾದ ಕೂಡ್ಲೇ ಕಿವ್ಯಾಗ ಗುಂಯ್ ಅಂತೈತ್ರಿ ಟೀಚರ್. ಕೈ ತಣ್ಣಗ ಆಗ್ತಾವು. ಅಕ್ಷರಾ ಕಾಣ್ತಾವ್ರಿ, ಏನ್ ಕೇಳ್ಯಾರಂತ ತಿಳಿಯೂದಿಲ್ಲ." ಆಮೇಲೆ ಹೇಳಿದಳು: "ಸೋಮವಾರ ನೀವು ಓದೂದು ನೆನಪಾಗ್ತೈತ್ರಿ."

ಮುಂದಿನ ಸೋಮವಾರ ಅಂಕ ಓದಲಿಲ್ಲ. ಪತ್ರಿಕೆಗಳನ್ನು ಮಡಚಿ ಅವರವರ ಕೈಗೆ ಕೊಟ್ಟೆ. ಟೆಸ್ಟಿನ ಮೊದಲ ಐದು ನಿಮಿಷ ಯಾರೂ ಪೆನ್ನು ಹಿಡಿಯಬಾರದು, ಯಾವ ಪ್ರಶ್ನೆ ಸರಳ, ಯಾವುದು ಕಠಿಣ ಎಂದು ಪಕ್ಕದವರ ಜೊತೆ ಮಾತಾಡಿಕೊಳ್ಳಬಹುದು ಎಂದೆ. ಶನಿವಾರ, ಹೊರಗಿನ ಸದ್ದು ಬರಲೆಂದು, ಟೆಸ್ಟಿಗೆ ಮುಚ್ಚಿರುತ್ತಿದ್ದ ಕಿಟಕಿಗಳನ್ನೆಲ್ಲ ತೆಗೆಸಿದೆ. ಅದು ಕಬ್ಬು ಸಾಗಿಸುವ ಕಾಲ. ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಆ ಗದ್ದಲದಲ್ಲಿ ಅವಳು ತಲೆ ತಗ್ಗಿಸಿ ಬರೆಯತೊಡಗಿದಳು. ಒಂಬತ್ತು ಬಂತು, ಆಮೇಲೆ ಹದಿನಾಲ್ಕು. ಬೇರೆ ನಾಲ್ಕೈದು ಮಕ್ಕಳದೂ ಏರಿತು. ಅವರಿಗೂ ಇದೇ ತ್ರಾಸು ಇತ್ತೆಂದು ಆಗಷ್ಟೇ ಗೊತ್ತಾಯಿತು.

ಒಂದು ಶನಿವಾರ ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. "ಏನ್ರಿ ಟೀಚರ್, ಇದು ಟೆಸ್ಟೋ, ಸಂತಿಯೋ?"

ನಾನು ವಿವರಿಸಿದೆ. ಅವರು ಸಿಟ್ಟಾಗಲಿಲ್ಲ. "ನೀವು ಹೇಳೂದು ಖರೆ ಐತಿ. ಆದ್ರ ದೊಡ್ಡ ಪರೀಕ್ಷಾದಾಗ ಹಿಂಗ ಮಾತಾಡಾಕ ಬಿಡ್ತಾರೇನ್ರಿ? ಮ್ಯಾಲ ಕ್ಯಾಮೆರಾ ಇರ್ತೈತಿ. ಅಲ್ಲಿ ಹ್ಯಾಂಗ ಇರ್ತೈತೋ ಇಲ್ಲೂ ಹಂಗ ರೂಢಿ ಮಾಡ್ರಿ. ಫಲಿತಾಂಶ ಬಿದ್ರ ಮೀಟಿಂಗಿನ್ಯಾಗ ಎದ್ದ ನಿಲ್ಲಾಂವ ನಾನು."

ಅವರ ಮಾತು ಪೂರ್ತಿ ಸುಳ್ಳಾಗಿದ್ದರೆ ವಾದ ಮಾಡುತ್ತಿದ್ದೆ. ಮೊದಲು ಆ ಐದು ನಿಮಿಷದ ಮಾತು ನಿಲ್ಲಿಸಿದೆ. ಆಮೇಲೆ ರಸ್ತೆ ಕಡೆಯ ಕಿಟಕಿಗಳನ್ನು ಹಾಕಿಸಿದೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ತರಗತಿ ಉಸಿರು ಕೇಳಿಸುವಷ್ಟು ನಿಶ್ಶಬ್ದವಾಗಿತ್ತು. ಅವಳು ಖಾಲಿ ಹಾಳೆ ನೋಡುತ್ತ ಕುಳಿತಿದ್ದಳು. ನಾನು ಹತ್ತಿರ ಹೋಗಿ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು, "ಇದನ್ನ ಮದಲ ಮಾಡು" ಎಂದೆ. ಮಾಡಿದಳು. ಮುಗಿದ ಮೇಲೆ ಕೇಳಿದಳು: "ದೊಡ್ಡ ಪರೀಕ್ಷಾಕ್ಕ ನೀವು ಬರ್ತೀರೇನ್ರಿ?"

"ನಮ್ಮ ಸಾಲಿ ಮಕ್ಕಳು ಬರಿಯೂ ಕೇಂದ್ರಕ್ಕ ನಮ್ಮನ್ನ ಬಿಡೂದಿಲ್ಲವ್ವಾ."

ತಲೆಯಾಡಿಸಿ ಹೋದಳು. ಅವಳನ್ನು ಎಲ್ಲಿಗೆ ಕಳಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಪರೀಕ್ಷೆಯ ಮೊದಲ ದಿನ ನನಗೆ ಹುಕ್ಕೇರಿಯ ಒಂದು ಕೇಂದ್ರದಲ್ಲಿ ಕೊಠಡಿ ಕಾಯುವ ಕೆಲಸ ಬಿದ್ದಿತು. ಮೊಬೈಲ್ ಹೊರಗೆ ಕೊಟ್ಟು ಒಳಗೆ ಹೋದೆ. ಪತ್ರಿಕೆ ಹಂಚಿದ ಮೇಲೆ ನೋಡಿದರೆ, ಎರಡನೇ ಬೆಂಚಿನಲ್ಲಿ ಗುರುತಿಲ್ಲದ ಒಬ್ಬ ಹುಡುಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಇವಳಿಗೂ ಅದೇ ತ್ರಾಸೆಂದು ನನಗೆ ತಿಳಿಯಿತು. ಕ್ಯಾಮೆರಾ ನನ್ನ ಬೆನ್ನಿಗೇ ಇತ್ತು. ಮಾತಾಡಿದರೆ ನಕಲು ಮಾಡಿಸಿದಂತೆ. ಅವಳ ಪಕ್ಕದಿಂದ ಎರಡು ಸಲ ಹಾದುಹೋದೆ. ಉತ್ತರಪತ್ರಿಕೆಗೆ ಸಹಿ ಮಾಡುವಾಗ ಅವಳು ಮುಖ ಎತ್ತಿ ನೋಡಿದಳು. ನಾನು ಸಹಿ ಮಾಡಿ ಮುಂದಿನ ಬೆಂಚಿಗೆ ಹೋದೆ. ಬಹಳ ಹೊತ್ತಿನ ಮೇಲೆ ಅವಳೇ ನೀರು ಕೇಳಿ ಕುಡಿದು ಬರೆಯತೊಡಗಿದಳು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಗಂಟೆ ಬಾರಿಸುವವರೆಗೆ ನಾಗನೂರಿನ ಹುಡುಗಿ ಈಗ ಹೇಗೆ ಕುಳಿತಿರಬಹುದು ಎಂದು ಯೋಚಿಸುತ್ತ, ಗೋಡೆಯಿಂದ ಗೋಡೆಗೆ ನಡೆದೆ.

ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಒಯ್ಯಲು ನಾಗನೂರಿನ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ಗಣಿತದಲ್ಲಿ ಪಾಸಾಗಿದ್ದಳು, ಅಷ್ಟೇ.

"ಮದಲ ಅರ್ಧಾ ತಾಸು ಹಂಗ ಹೋತ್ರಿ ಟೀಚರ್. ಆಮ್ಯಾಲ ಸರಳ ಇದ್ದೂವಷ್ಟ ಬರದೆ" ಎಂದಳು. ಸೈನ್ಸ್ ತೆಗೆದುಕೊಳ್ಳುವ ಆಸೆ ಬಿಟ್ಟು ಆರ್ಟ್ಸ್‌ಗೆ ಹೆಸರು ಹಚ್ಚಿದ್ದಳು.

"ಪಾಸ್ ಆಗ್ಯಾಳಲ್ರಿ, ನಿಮ್ಮಿಂದ" ಎಂದು ತಾಯಿ ಕೈ ಮುಗಿದರು. ಆ ಕೈಗಳನ್ನು ನೋಡಲಾರದೆ ನಾನು ರಿಜಿಸ್ಟರ್ ಮುಂದೆ ಸರಿಸಿ, ಸಹಿ ಮಾಡುವ ಜಾಗ ತೋರಿಸಿದೆ.