ಮೋಟಾರಿನ ಮೇಲಿನ ವಿಭೂತಿ

ಹಳೇ ಮೋಟಾರು ಮಾರುವವರಿಗೆ ಹಸಿರು ಬಣ್ಣದ ಮೇಲೆ ಯಾಕಿಷ್ಟು ಮೋಹವೋ ನನಗೆ ಇವತ್ತಿಗೂ ತಿಳಿದಿಲ್ಲ. ಧೂಳು ಕೊಡವುವುದಿಲ್ಲ, ಜಿಡ್ಡು ಕೆರೆಯುವುದಿಲ್ಲ, ಅದರ ಮೇಲೆಯೇ ದಪ್ಪಗೆ ಹಸಿರು ಬಳಿದುಬಿಡುತ್ತಾರೆ. ಬೆರಳಿಟ್ಟರೆ ಅಡಿಯಲ್ಲಿರುವ ಗ್ರೀಸು ಪಿಚಕ್ಕನೆ ಜಾರುತ್ತದೆ. ಆ ಹದಿನೈದು ದಿನಗಳಲ್ಲಿ ಅಂಥ ಬಣ್ಣವನ್ನು ಎಷ್ಟು ಮುಟ್ಟಿದ್ದೆನೆಂದರೆ, ಊಟಕ್ಕೆ ಕೂತಾಗಲೂ ಒಮ್ಮೆ ಕೈ ಮೂಸಿ ನೋಡಿಕೊಳ್ಳುವ ಚಟ ಹತ್ತಿತ್ತು.

ಉದಗೀರದಲ್ಲಿ ನಮ್ಮದೊಂದು ತೊಗರಿಬೇಳೆ ಮಿಲ್ಲಿದೆ. ಅದನ್ನು ಎಳೆಯುತ್ತಿದ್ದ ಎಪ್ಪತ್ತೈದು ಹಾರ್ಸ್‌ಪವರಿನ ಮೋಟಾರು, ಹೊಸ ತೊಗರಿ ಬರುವ ಹೊತ್ತು ನೋಡಿಕೊಂಡೇ ಸುಟ್ಟು ಕೂತಿತು. ಮತ್ತೆ ತಂತಿ ಸುತ್ತಿಸೋಣವೆಂದರೆ ಒಳಗಿನ ತಗಡೇ ಸುಟ್ಟು ಅಂಟಿಕೊಂಡಿತ್ತು. ಹೊಸದು ಕೇಳಿದರೆ ಎರಡು ತಿಂಗಳು ತಡೆಯಿರಿ ಅಂದರು. ಅಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಹಾಗಾಗಿ ನಾನೂ ನಮ್ಮ ಮಿಸ್ತ್ರಿಯೂ ಹಳೆಯದನ್ನು ಹುಡುಕುತ್ತ ಊರೂರು ತಿರುಗಿದೆವು.

ಮಿಸ್ತ್ರಿ ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಮುಸಲ್ಮಾನ. ಮನೆಯಲ್ಲಿ ದಖನಿ, ಪೇಟೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮಿಲ್ಲು ನಡೆಯುವಷ್ಟು ಹೊತ್ತೂ ಅವನು ಮೋಟಾರಿನ ಮಗ್ಗುಲಲ್ಲೇ, ತಿರುಗುವ ಬೆಲ್ಟಿನಿಂದ ಒಂದು ಮಾರು ದೂರದಲ್ಲಿ ಇರುತ್ತಾನೆ. ಅದು ಸುಟ್ಟರೆ ನನಗೆ ನಷ್ಟ. ಒಡೆದು ಬೆಲ್ಟು ಹಾರಿದರೆ ಅವನ ಜೀವಕ್ಕೆ ಬರುತ್ತದೆ.

ನಿಲಂಗಾದಲ್ಲಿ ಮುಚ್ಚಿದ ಎಣ್ಣೆ ಮಿಲ್ಲೊಂದರ ಮೋಟಾರು ನೋಡಿದೆವು. ಮಿಸ್ತ್ರಿ ಅದರ ಶಾಫ್ಟಿಗೆ ಅಳತೆ ಹಿಡಿದವನೇ ನಕ್ಕುಬಿಟ್ಟ. "ಸಾವಕಾರ್ರೀ, ಇದು ಐವತ್ತರದ್ದು ಅದ. ಬ್ಯಾರೆ ಮೋಟಾರಿನ ಪಾಟಿ ತಂದು ಬಡದಾರ." ನಿಜ, ಹೆಸರಿನ ತಗಡಿಗೆ ಹೊಡೆದ ಮೊಳೆಗಳು ಹೊಚ್ಚ ಹೊಸವು. ಮಾರುವವನಿಗೆ ಒಂದಿಷ್ಟು ನಾಚಿಕೆ? ಇಲ್ಲ. ಹಾಗಾದರೆ ಐವತ್ತರ ರೇಟಿಗೇ ಒಯ್ಯಿರಿ ಅಂದ. ಕಾಸಾರಶಿರಸಿಯಲ್ಲಿ ತಂತಿ ಜೋಡಿಸುವ ಡಬ್ಬಿ ಬಿಚ್ಚಿದರೆ ಒಣಗಿದ ಇಲಿ. ನಾನು ಮೂಗು ಮುಚ್ಚಿಕೊಂಡೆ. ಅಲ್ಲಿನವ ಕಡ್ಡಿಯಿಂದ ಅದನ್ನು ಮೀಟಿ ನನ್ನ ಚಪ್ಪಲಿಯ ಹತ್ತಿರವೇ ಒಗೆದು, "ಇಲಿ ಇದ್ದಲ್ಲಿ ಗಣಪತಿ ಇರ್ತಾನ್ರೀ" ಎಂದು ಹಲ್ಲು ಕಿಸಿದ. ಇಂಥವರಿಗೆ ಏನು ಹೇಳುವುದು?

ಕೊನೆಗೆ ಉಮರ್ಗಾ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ತಗಡಿನ ಷೆಡ್ಡು. ಬಾಗಿಲಲ್ಲೇ ಅದರ ಮಾಲಕ ಎರಡೂ ಕೈ ಜೋಡಿಸಿದ. "ಶರಣು ಶರಣಾರ್ಥಿ, ಅಣ್ಣಾರ!" ನಮ್ಮವನೇ. ಕೂರುವ ಮೊದಲೇ ಯಾವ ಮಠ, ಯಾವ ಮನೆತನ ಎಂದು ವಿಚಾರಿಸಿದ. ಲೋಹಾರಾದಲ್ಲಿರುವ ನನ್ನ ಸೋದರತ್ತೆಯ ಮನೆಗೂ ತನ್ನ ಮನೆಗೂ ಎಲ್ಲೋ ಒಂದು ಎಳೆ ಹುಡುಕಿ ತೆಗೆದ. ಮಾತಿಗೊಮ್ಮೆ ಎದೆಯ ಮೇಲಿನ ಲಿಂಗ ಮುಟ್ಟಿಕೊಳ್ಳುವುದು, ಮಾತು ಮುಗಿದೊಡನೆ ಮೂಲೆಗೆ ಪಿಚಕ್ಕೆಂದು ಗುಟ್ಕಾ ಉಗುಳುವುದು. ಆ ಮೂಲೆಯ ಗೋಡೆ ಸೊಂಟದ ಎತ್ತರದವರೆಗೂ ಕೆಂಪಾಗಿತ್ತು. ಕೊಟ್ಟ ಚಹದ ಗ್ಲಾಸಿಗೆ ಹಿಂದಿನವರ ಸಕ್ಕರೆ ಇನ್ನೂ ಅಂಟಿತ್ತು.

ಷೆಡ್ಡಿನ ನಡುವೆ ಮೋಟಾರು ಮದುಮಗನಂತೆ ಕೂತಿತ್ತು. ಅದೇ ಹಸಿರು ಬಣ್ಣ. ಮೇಲೆ ಚೆಂಡುಹೂವಿನ ಮಾಲೆ, ಎತ್ತುವ ಕಬ್ಬಿಣದ ಬಳೆಗೆ ಸಿಕ್ಕಿಸಿದ ಊದಿನಕಡ್ಡಿ. ಶಾಫ್ಟು ಹೊರಗೆ ಬರುವ ಕಡೆಯ ಬೀಡುಕಬ್ಬಿಣದ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ಅಂಗೈ ಅಗಲ, ಗಾರೆ ಬಳಿದ ಹಾಗೆ. "ಸೋಮವಾರಕ್ಕೊಮ್ಮಿ ಪೂಜಾ ತಪ್ಪಂಗಿಲ್ರಿ. ನಮ್ಮ ಮನಿ ಲಕ್ಷ್ಮಿ ಅದ ಇದು. ಮಗಳನ್ನ ಕೊಟ್ಟಂಗ ಕೊಡ್ಲತ್ತೀನಿ" ಅಂದ. ಅಲ್ಲಿ ಐದಾರು ಜನ ಕೆಲಸವಿಲ್ಲದೆ ಕೂತಿದ್ದರು. ಅವರೂ ಹೌದು ಹೌದು ಎಂದು ತಲೆಯಾಡಿಸಿದರು.

ಮಿಸ್ತ್ರಿ ಮಾತಿಗೆ ಕಿವಿಗೊಡದೆ ತನ್ನ ಕೆಲಸ ಶುರುಮಾಡಿದ. ಮೆಗ್ಗರ್ ಹಚ್ಚಿ ಕರೆಂಟು ಮೈಗೆ ಸೋರುವುದೇ ಎಂದು ನೋಡಿದ. ಸೋರಲಿಲ್ಲ. ಶಾಫ್ಟನ್ನು ಕೈಯಿಂದ ತಿರುಗಿಸಿದ, ಎತ್ತಿ ಅಲುಗಿಸಿದ. ಆಮೇಲೆ ಬೆಲ್ಟಿಲ್ಲದೆ ಖಾಲಿ ಓಡಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಬೇರಿಂಗಿನ ಸದ್ದು ಕೇಳಿದ. ಮೂರೂ ವಾಯರಿನಲ್ಲಿ ಕರೆಂಟು ಸಮ ಬಂತು. ನನ್ನ ಮನಸ್ಸು ಆಗಲೇ ಹಿಗ್ಗಿ, ಟೆಂಪೋ ಕರೆಸಿ ಮಿಲ್ಲು ಶುರುಮಾಡಿಯೂ ಆಗಿತ್ತು.

ಮೋಟಾರು ನಿಲ್ಲಿಸಿ ಅವನು ಬೋಲ್ಟು ಬಿಚ್ಚುವ ಪಾನಾ ಹಿಡಿದು ಮುಚ್ಚಳವನ್ನು ಸುತ್ತಲೂ ಬಡಿಯತೊಡಗಿದ. ಠಣ್, ಠಣ್ ಎಂದು ಗಂಟೆಯ ಸದ್ದು. ವಿಭೂತಿಯ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ಒಡೆದ ಗಡಿಗೆಗೆ ಬೆರಳು ಹೊಡೆದರೆ ಬರುತ್ತದಲ್ಲ, ಅದೇ ದನಿ. ಇನ್ನೊಮ್ಮೆ ಬಡಿದ. ವಿಭೂತಿಗೆ ಒಂದಿಂಚು ಮೊದಲೇ ಅವನ ಪಾನಾ ನಿಂತಿತು. ನನ್ನನ್ನು ನೋಡಿದ.

"ಹ್ಯಾಂಗದ?" ಕೇಳಿದೆ.

"ಮೀಟರೆಲ್ಲಾ ಚಲೋ ಬಂದದ್ರಿ." ಹತ್ತಿರ ಬಂದು ದನಿ ತಗ್ಗಿಸಿದ. "ಆ ವಿಭೂತಿ ಕೆಳಗ ಏನದ ನೋಡಬೇಕ್ರಿ. ನೀವೇ ಒರಸ್ರಿ, ಸಾವಕಾರ್ರೀ. ನಾ ಒರಸಂಗಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಮಶೀನಿನ ಯಾವ ಕೆಲಸಕ್ಕೂ ಅವನು ಒಲ್ಲೆ ಅಂದದ್ದಿಲ್ಲ. ಕೂತಿದ್ದ ಐದಾರು ಜನರ ಮುಖ ನೋಡಿದ ಮೇಲೆ ನನಗೆ ಅರ್ಥವಾಯಿತು. ಅವನ ಕೈ ಆ ವಿಭೂತಿಗೆ ತಾಗಿದರೆ ಮೋಟಾರಿನ ಮಾತು ಅಲ್ಲಿಗೇ ಮುಗಿದು ಬೇರೆ ಮಾತು ಎದ್ದೇಳುತ್ತದೆ.

ಅರ್ಥವಾದರೂ ನನ್ನ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ವಿಭೂತಿ ಹಚ್ಚಿ ಗೊತ್ತು, ಒರೆಸಿ ಗೊತ್ತಿಲ್ಲ. ಹಣೆಯಿಂದ ಉದುರಿದ್ದನ್ನೂ ನಮ್ಮವ್ವ ತುಳಿಯಲು ಬಿಡುತ್ತಿರಲಿಲ್ಲ, ಬಳಿದು ತೆಗೆದಿಡುತ್ತಿದ್ದಳು. ಆದರೆ ಭಕ್ತಿಯೊಂದೇ ನನ್ನ ಕೈ ಹಿಡಿಯಿತು ಅಂದರೆ ಸುಳ್ಳಾಗುತ್ತದೆ. ಮತ್ತೊಂದು ಊರು, ಮತ್ತೊಂದು ಹಸಿರು ಮೋಟಾರು ನೋಡುವ ತ್ರಾಣ ನನ್ನಲ್ಲಿರಲಿಲ್ಲ. "ಮೀಟರ್ ಚಲೋ ಅದ ಅಂದ್ರ ಆಯ್ತಲ್ಲ?" ಎಂದೆ. ಅವನು ನೆಲ ನೋಡಿದ.

ಅಷ್ಟರಲ್ಲಿ ಮಾಲಕ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. ಗುಟ್ಕಾದ ನಾತ ನೇರ ಮೂಗಿಗೆ ಬಡಿಯಿತು. ಕಣ್ಣು ಮಿಟುಕಿಸಿ, "ಅಣ್ಣಾರ, ನಮ್ಮ ವಿಭೂತಿ ಕಿಮ್ಮತ್ತು ಅವನಿಗೇನ್ ತಿಳೀತದ? ನಾವೂ ನೀವೂ ಮಾತಾಡೋಣ ಬರ್ರಿ" ಅಂದ.

ಆ ಕಣ್ಣಿಗೆ ನನಗೆ ಮೈಯೆಲ್ಲ ಹೇಸಿ ಬಂತು. ಅವನ ಕೈ ಕೊಡವಿ, ಹೋಗಿ, ಅಂಗೈಯಿಂದ ವಿಭೂತಿಯನ್ನು ಒಂದೇ ಸಲಕ್ಕೆ ಒರೆಸಿದೆ. ಕೆಳಗೆ ಹಸಿರು, ಹಸಿರಿನ ಕೆಳಗೆ ಮೆತ್ತಿ ಒಣಗಿಸಿದ ಬೂದು ಬಣ್ಣದ ಪುಟ್ಟಿ. ಉಗುರು ಹಾಕಿದರೆ ಪುಟ್ಟಿ ಉದ್ದಕ್ಕೆ ಎದ್ದು ಬಂತು. ಅದರಡಿಯಲ್ಲಿ ಬೋಲ್ಟಿನ ತೂತಿನಿಂದ ಬೇರಿಂಗಿನ ಮನೆಯವರೆಗೆ ಒಂದು ಗೇಣು ಬಿರುಕು. ಬೆಲ್ಟಿಲ್ಲದೆ ಎಷ್ಟು ಓಡಿಸಿದರೂ ಅದು ತೋರುವಂಥದ್ದಲ್ಲ. ಬೆಲ್ಟು ಹಾಕಿ ಎಳೆದ ದಿನ ಮುಚ್ಚಳ ಎರಡು ಹೋಳಾಗುತ್ತಿತ್ತು.

ಮಾಲಕ ಕೂಗಿದ. ನನ್ನ ಮೇಲಲ್ಲ, ಮಿಸ್ತ್ರಿಯ ಮೇಲೆ. "ಹ್ಯಾನಂ ಪೂಜಾ ಮೋಡಲೀ!" ಇವನು ಪೂಜೆ ಕೆಡಿಸಿದ ಎಂದು, ಕೂತವರಿಗೆಲ್ಲ ಕೇಳಲೆಂದೇ ಮರಾಠಿಯಲ್ಲಿ. ಇಬ್ಬರು ಎದ್ದು ನಿಂತರು. ಮಿಸ್ತ್ರಿ ಮೆಲ್ಲಗೆ ಬಗ್ಗಿ ಕೈಯಲ್ಲಿದ್ದ ಪಾನಾವನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಇಂಥ ಹೊತ್ತಿನಲ್ಲಿ ಕೈಯಲ್ಲಿ ಕಬ್ಬಿಣ ಇರಬಾರದೆಂದು ಅವನಿಗೆ ಮೊದಲೇ ಗೊತ್ತಿತ್ತು.

ಬೆಳ್ಳಗಾದ ಅಂಗೈಯನ್ನು ಎಲ್ಲರ ಮುಖಕ್ಕೂ ಹಿಡಿದೆ. "ಒರಸಿದಾಂವ ನಾ! ಅಂವಾ ಅಲ್ಲ. ಕೈ ನೋಡ್ರಿ!" ಮರಾಠಿಯಲ್ಲೂ ಅದನ್ನೇ ಕೂಗಿದೆ. ಎದ್ದವರು ಒಬ್ಬರ ಮುಖ ಒಬ್ಬರು ನೋಡಿ ಕೂತರು. ಮಾಲಕನ ಮುಖ ಆ ಕ್ಷಣಕ್ಕೇ ಬದಲಾಯಿತು. "ಹೋಗ್ಲಿ ಬಿಡ್ರಿ, ಅಣ್ಣಾರ. ಒಡಕಿಂದು ಏನದ ಕಡಿಮಿ ಮಾಡ್ಕೊಳ್ರಿ" ಎಂದು ನಕ್ಕ. ಅದೇ ಬಾಯಿ, ಅದೇ ಕೆಂಪು ಹಲ್ಲು. ನಾನು ಹೊರಗೆ ಬಂದುಬಿಟ್ಟೆ. ನಳದ ಹತ್ತಿರ ನಿಂತು ಕೈ ತೊಳೆಯಲು ಹೋದವನಿಗೆ, ಅಂಗೈಗೆ ಮೆತ್ತಿದ್ದು ವಿಭೂತಿಯೋ ಹೊಲಸೋ ಗೊತ್ತಾಗದೆ ಸ್ವಲ್ಪ ಹೊತ್ತು ನೀರು ಸುಮ್ಮನೆ ಹರಿಯಿತು.

ಜೀಪಿನಲ್ಲಿ ದಾರಿಯುದ್ದಕ್ಕೂ ನಾನು ಆ ಮನುಷ್ಯನನ್ನು ಬೈದೆ. ಮಿಸ್ತ್ರಿ ಮೆಗ್ಗರಿನ ವಾಯರು ಸುತ್ತುತ್ತ ಕೂತಿದ್ದ. ನಿಲಂಗಾ ದಾಟಿದ ಮೇಲೆ, "ನೀ ಪಾನಾ ಬಡದಿದ್ದಕ್ಕ ಉಳದೇವಪ್ಪಾ" ಅಂದೆ.

"ಸಾವಕಾರ್ರೀ, ಅಲ್ಲಿ ಆ ಮಂದಿ ಮುಂದ 'ಚಲೋ ಅದ ಅಲ್ಲಾ?' ಅಂತ ನೀವು ಇನ್ನೊಂದ್ ಸಲ ಕೇಳಿದ್ರ, ನಾ ಹೂಂ ಅಂತಿದ್ದೆ" ಅಂದ.

"ಒಡಕ್ ಅದ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ ರೀ."

"ಅದರ ಬಾಜೂಕ ಕೂಡಾಂವ ನೀನೇ ಅಲ್ಲೇನೋ!"

"ಹೌದ್ರಿ, ಕೂಡ್ತಿದ್ದೆ" ಎಂದು ಕಿಟಕಿಯಾಚೆ ನೋಡಿದ.

ಆಮೇಲೆ ಉದಗೀರದವರೆಗೆ ನಾನು ಯಾರನ್ನೂ ಬೈಯಲಿಲ್ಲ. ಷೆಡ್ಡಿನಲ್ಲಿ ಆ ಮಾಲಕ ಬಂದು ನನ್ನ ಹೆಗಲ ಮೇಲೆ ಕೈ ಹಾಕುವ ಮುಂಚೆ, ಇನ್ನೊಂದು ಸಲ ಕೇಳಲೆಂದೇ ನಾನು ಬಾಯಿ ತೆರೆದಿದ್ದೆ. ಅದನ್ನು ಮಿಸ್ತ್ರಿಗೆ ಹೇಳಲಿಲ್ಲ.