ಅತ್ತೆ ನೋಡುತ್ತಿದ್ದ ಸಿಂಹಿಣಿಯರು

ಮದುವೆಯಾಗಿ ಸಂಪಗಾಂವದ ಈ ಮನೆಗೆ ಬಂದ ಹೊಸದರಲ್ಲಿ ನನಗೆ ಒಂದು ಸಂಗತಿ ವಿಚಿತ್ರವೆನಿಸಿತ್ತು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಪಡಸಾಲೆಗೆ ಬಂದು ಕೂತರೆ ನಮ್ಮ ಅತ್ತೆ ಟಿವಿಯಲ್ಲಿ ಧಾರಾವಾಹಿ ಹಾಕುತ್ತಿರಲಿಲ್ಲ. ಸಿಂಹ ಹಾಕುತ್ತಿದ್ದರು. ಸುರೇಬಾನದ ನನ್ನ ತವರಿನಲ್ಲಿ ಆ ಹೊತ್ತಿಗೆ ಓಣಿಯ ಎಲ್ಲ ಮನೆಗಳಿಂದ ಒಂದೇ ಧಾರಾವಾಹಿಯ ಅಳು ಕೇಳಿಸುತ್ತಿತ್ತು. ಇಲ್ಲಿ ನೋಡಿದರೆ ಒಣಹುಲ್ಲಿನ ಬಯಲು, ಹುಲ್ಲಿನೊಳಗೆ ಮೈ ಕುಗ್ಗಿಸಿ ಕೂತ ಸಿಂಹಿಣಿ, ದೂರದಲ್ಲಿ ಏನೂ ಅರಿಯದೆ ಮೇಯುವ ಜೀಬ್ರಾಗಳು. ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಈ ಹುಚ್ಚು ಹಿಡಿಸಿದವರು ಮಾವನವರೇ. ನಾನು ಬರುವ ಮುಂಚೆ ಒಂದು ದಿನ ಅವರು ಸುದ್ದಿಗಾಗಿ ಚಾನೆಲ್ ಬದಲಿಸುತ್ತಿದ್ದಾಗ ನಡುವೆ ಒಂದು ಸಿಂಹಿಣಿ ಬಂತಂತೆ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಳೆಗೆ ಇಳಿಯುತ್ತಿತ್ತಂತೆ. "ತಡೀರಿ, ಅದು ದಾಟೂದರ ನೋಡೂಣು" ಅಂದರಂತೆ ಅತ್ತೆ. ದಾಟಿದ ಮೇಲೂ ರಿಮೋಟು ಮಾವನವರ ಕೈಗೆ ತಿರುಗಿ ಹೋಗಲಿಲ್ಲ.

ಆ ಚಾನೆಲ್ಲಿನ ಮಾತೆಲ್ಲ ಹಿಂದಿಯಲ್ಲಿ. ಅತ್ತೆಗೆ ಹಿಂದಿ ಬಾರದು. ಅದಕ್ಕೆ ದನಿ ತಗ್ಗಿಸಿ ತಾವೇ ಕಥೆ ಹೇಳುತ್ತಿದ್ದರು. ಹಿಂಡಿನ ಹಿರಿಯ ಸಿಂಹಿಣಿ ಅವರ ಬಾಯಲ್ಲಿ 'ದೊಡ್ಡಾಕಿ'. ಕಿವಿ ಹರಿದಿದ್ದು 'ಕಿವಿಹರಕಿ'. ಬೇಟೆಗೆ ಹೋಗದೆ ಮರಿಗಳ ಹತ್ತಿರ ಉಳಿದದ್ದು 'ಮನಿಯಾಕಿ'. ಗಂಡು ಸಿಂಹದ ಮೇಲೆ ಮಾತ್ರ ಅವರಿಗೆ ಸಿಟ್ಟು.

"ಕೂದಲಾ ಬಿಟಗೊಂಡು ಇಡೀ ದಿನಾ ಅಡ್ಡಾಗಿರತೈತಿ. ತಿನ್ನೂಮುಂದ ಮಾತ್ರ ಎಲ್ಲಾರಕಿಂತ ಮೊದಲ."

"ಅದೂ ಸೀಮಿ ಕಾಯತೈತಿ, ನಿಮಗ ಕಾಣಂಗಿಲ್ಲ" ಎನ್ನುತ್ತಿದ್ದರು ಮಾವನವರು, ದಿಂಬಿಗೆ ಒರಗಿಕೊಂಡೇ.

ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮುನವಳ್ಳಿಯವಳು. ಎತ್ತರದ ಆಳು, ಮಾತು ಕಡಿಮೆ. ಕೂತು ಟಿವಿ ನೋಡಿದವಳೇ ಅಲ್ಲ. ರೊಟ್ಟಿ ಬಡಿಯುತ್ತಲೇ ಅಡುಗೆಮನೆಯಿಂದ ಕೇಳುತ್ತಿದ್ದಳು: "ಹಿಡೀತೇನ್ರಿ ಅತ್ತಿ?" "ಇಲ್ಲವಾ, ತಪ್ಪಿಸಿಕೊಂತು." ಮತ್ತೆ ರೊಟ್ಟಿ ಬಡಿಯುವ ಸದ್ದು.

ನಾನು ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಆಗ ಬೈಲಹೊಂಗಲದಲ್ಲಿ ಬಿ.ಎಡ್. ಸೇರಿದ್ದೆ. ಒಂದು ಸಂಜೆ ಓದಿನ ಜಂಬದಲ್ಲಿ ಅತ್ತೆಗೆ ವಿವರಿಸಿದೆ: "ಅತ್ತಿ, ಇವು ಒಂದೊಂದು ಒಂದೊಂದು ಕಡೆಯಿಂದ ಬಂದವಲ್ಲರಿ. ಅಜ್ಜಿ, ಮಗಳು, ಚಿಗವ್ವ, ಮೊಮ್ಮಗಳು, ಎಲ್ಲಾ ಒಂದ ಬಳಗ. ಗಂಡಮರಿ ದೊಡ್ಡವಾದ ಮ್ಯಾಲೆ ಹೊರಗ ಹೋಗತಾವು. ಹೆಣ್ಣಮರಿ ತಾಯಿ ಹಂತ್ಯಾಕ ಉಳೀತಾವು."

"ಸಾಯೂತನಕಾ?"

"ಹೆಚ್ಚಾಗಿ ಸಾಯೂತನಕರಿ."

ಎಳೆ ವಯಸ್ಸಿನಲ್ಲೇ ಕಿತ್ತೂರಿನಿಂದ ಈ ಮನೆಗೆ ಬಂದವರು ನಮ್ಮ ಅತ್ತೆ. "ಹಂಗಾದ್ರ ತವರ ಬಿಟ್ಟು ಬರೂದು ಅವಕ್ಕ ಇಲ್ಲ ಅನ್ನು" ಅಂದು, ಬೆಳ್ಳುಳ್ಳಿ ಸಿಪ್ಪೆ ಬಳಿದುಕೊಂಡು ಎದ್ದು ಹೋದರು.

ಮುಂದಿನ ವರ್ಷ ನೆಗೆಣ್ಣಿಗೂ ನನಗೂ ಒಂದೇ ಹೊತ್ತಿನಲ್ಲಿ ದಿನ ತುಂಬಿದವು. ಅವಳಿಗೆ ಮಗಳು ಹುಟ್ಟಿದಳು, ಸ್ವಲ್ಪ ದಿನಕ್ಕೆ ನನಗೆ ಮಗ. ಬಾಣಂತನ ಮುಗಿಸಿ ಇಬ್ಬರೂ ತವರಿನಿಂದ ತಿರುಗಿ ಬರುವಷ್ಟರಲ್ಲಿ ನನ್ನ ಪಾಠಾಭ್ಯಾಸ ಶುರುವಾಗಿತ್ತು. ಬಿ.ಎಡ್. ಮಾಡುವವರು ಬೇರೆ ಶಾಲೆಗೆ ಹೋಗಿ ಮಕ್ಕಳೆದುರು ಪಾಠ ಮಾಡಬೇಕು. ಅದನ್ನು ತಪ್ಪಿಸಿದರೆ ಆ ವರ್ಷವೇ ಹೋದಂತೆ. ಬೆಳಿಗ್ಗೆ ಕೂಸಿಗೆ ಹಾಲು ಕುಡಿಸಿ, ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋದರೆ ಮನೆ ಸೇರುವುದು ಮಧ್ಯಾಹ್ನ ಇಳಿದ ಮೇಲೆ. ಬಾಟಲಿ ಹಾಲು ಅಭ್ಯಾಸ ಮಾಡಿಸಲು ನೋಡಿದೆ. ಮಗ ಅದರ ರಬ್ಬರನ್ನು ನಾಲಿಗೆಯಿಂದ ಹೊರದೂಡಿ ಮುಖ ತಿರುಗಿಸಿಬಿಡುತ್ತಿದ್ದ.

ಮೊದಲ ದಿನ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಹೂವಿನ ಭಾಗಗಳ ಚಿತ್ರ ಬರೆಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಯಾವುದೋ ಹುಡುಗಿ ಅತ್ತಳು. ಹಾಲು ಸೋರಿ ನನ್ನ ಕುಪ್ಪಸ ಒದ್ದೆಯಾಯಿತು. ಸೆರಗು ಹೊದ್ದುಕೊಂಡು ಹೇಗೋ ಪಾಠ ಮುಗಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಿಚಾರ: ಕೂಸು ಅತ್ತು ಅತ್ತು ದನಿ ಕಟ್ಟಿಕೊಂಡಿರುತ್ತದೆ, ನಾಳೆಯಿಂದ ಹೋಗುವುದು ಬೇಡ, ಓದು ಇಷ್ಟಕ್ಕೇ ಸಾಕು.

ಬಸ್ಸಿಳಿದು ಓಡುತ್ತಲೇ ಬಂದೆ. ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟರೆ ಮನೆ ಸುಮ್ಮನಿತ್ತು. ಒಳಕೋಣೆಯಲ್ಲಿ ನೆಗೆಣ್ಣಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ಅವಳ ಮಗಳು ಹೊಟ್ಟೆ ತುಂಬಿ ಪಕ್ಕದಲ್ಲಿ ಮಲಗಿದ್ದಳು. ನನ್ನ ಮಗ ಅವಳ ಎದೆಯಲ್ಲಿದ್ದ. ಅವಳ ಕರಿಮಣಿ ಸರವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಡಿಯುತ್ತಿದ್ದ.

"ಭಾಳ ಅಳಾಕತ್ತಿದ್ದ" ಅಂದಳು ನೆಗೆಣ್ಣಿ. "ನನಗೂ ಹಾಲು ಇತ್ತಲ್ಲಾ."

ನಾನು ಬಾಗಿಲಿಗೆ ಒರಗಿ ನಿಂತುಬಿಟ್ಟೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ನಿನಗ ಬ್ಯಾಸರಾತೇನ?"

"ಇಲ್ಲಕ್ಕಾ" ಅಂದೆ. ಅವಳ ಪಕ್ಕದಲ್ಲೇ ಕೂತೆ. ನಮ್ಮ ಮಾತಿಗೆ ಎಚ್ಚರಾದ ಅವಳ ಮಗಳನ್ನು ನಾನು ಎತ್ತಿಕೊಂಡೆ. ನನ್ನ ಎದೆ ಬಿಗಿದು ನೋಯುತ್ತಿತ್ತು, ಕೂಸು ಬಾಯಿ ತೆರೆಯಿತು. ಕುಡಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಮರುದಿನ ನಾನು ಬಸ್ಸಿಗೆ ಹೊರಟಾಗ ಯಾರೂ ಏನೂ ಕೇಳಲಿಲ್ಲ. ನೆಗೆಣ್ಣಿ ಬುತ್ತಿಯ ಡಬ್ಬಿ ಕೈಗೆ ಕೊಟ್ಟಳು, ಅಷ್ಟೆ.

ಹೀಗೆ ನಡೆಯುತ್ತಿರುವಾಗ ಕೂಸುಗಳನ್ನು ನೋಡಲು ರಾಮದುರ್ಗದಿಂದ ಮಾವನವರ ಅಕ್ಕ ಬಂದರು. ಮನೆಯ ಹಿರಿಯ ಮಗಳು, ಮಾವನವರೂ ಅವರೆದುರು ದನಿ ತಗ್ಗಿಸುತ್ತಿದ್ದರು. ಕೂಸುಗಳ ತಲೆಗೆ ಹಾಕಲು ಎರಡು ಬಣ್ಣಬಣ್ಣದ ಕುಂಚಿಗೆ ಹೊಲಿಸಿಕೊಂಡು ತಂದಿದ್ದರು. ನಾನು ಬೈಲಹೊಂಗಲದಿಂದ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಅವರ ದನಿ ಏರಿತ್ತು. ನನ್ನ ಮಗ ನೆಗೆಣ್ಣಿಯ ಸೆರಗಿನೊಳಗೆ ಇರುವುದನ್ನು ಅವರು ನೋಡಿಬಿಟ್ಟಿದ್ದರು.

"ಇದೇನ ಹೊಸಾ ಪದ್ಧತಿ? ಹಡದಾಕಿ ಬೈಲಹೊಂಗಲದಾಗ, ಕುಡಸಾಕಿ ಇಲ್ಲೆ. ನಾಳೆ ಈ ಹುಡುಗ ಯಾರಿಗೆ ಅವ್ವಾ ಅನ್ನಬೇಕು?"

ನೆಗೆಣ್ಣಿ ತಲೆ ತಗ್ಗಿಸಿದಳು. ಆದರೆ ಕೂಸನ್ನು ಎದೆಯಿಂದ ಬಿಡಿಸಲಿಲ್ಲ.

"ಇಬ್ಬರಿಗೂ ಅನ್ನಲಿ ಬಿಡ್ರಿ ಅಕ್ಕಾರ" ಅಂದರು ಅತ್ತೆ.

"ಹಗರ ಮಾತಲ್ಲ ಇದು. ಸಣ್ಣಾಕೀಗೆ ಕಾಲೇಜು ಬಿಡಂತ ಹೇಳು. ತನ್ನ ಕೂಸಿಗೆ ತಾ ಕುಡಸಲಿ."

ನಾನು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತಿದ್ದೆ. ಅತ್ತೆ ಜಗಳಕ್ಕೆ ಇಳಿಯಲಿಲ್ಲ. "ಕುಂದರ್ರಿ ಅಕ್ಕಾರ, ಚಾ ಕುಡೀರಿ. ನಿಮಗೊಂದು ತೋರಸ್ತೇನಿ" ಅಂದು ಟಿವಿ ಹಚ್ಚಿದರು.

ಅತ್ತೆ ಬಯಸಿದ್ದು ಮಾತ್ರ ಅಲ್ಲಿ ಇರಲಿಲ್ಲ. ಸಿಂಹಿಣಿಗಳೆಲ್ಲ ಒಂದು ಕಾಡೆಮ್ಮೆಯ ಮೇಲೆ ಬಿದ್ದು, ಒಂದರ ಮೂತಿಗೆ ಇನ್ನೊಂದು ಪಂಜದಿಂದ ಹೊಡೆಯುತ್ತಾ ಗುರುಗುಡುತ್ತಿದ್ದವು.

"ಇದನ್ನ ತೋರಸಾಕ ಕೂಡಿಸಿದೇನು? ಕಚ್ಚ್ಯಾಡಾಕತ್ತಾವಲ್ಲ" ಅಂದರು ರಾಮದುರ್ಗದ ದೊಡ್ಡವರು.

ನನಗೆ ಆ ಭಯದಲ್ಲೂ ನಗು ಬಂತು. ಅತ್ತೆ ಅಲುಗಲಿಲ್ಲ. "ಇದು ಉಣ್ಣೂ ಹೊತ್ತರಿ. ಉಣ್ಣೂಮುಂದ ನಮ್ಮನ್ಯಾಗೂ ಇಷ್ಟ ಗದ್ದಲ ಇರತೈತಿ. ಮುಂದ ನೋಡ್ರಿ."

ಊಟ ಮುಗಿಯಿತು. ಸಿಂಹಿಣಿಗಳು ನೆರಳಿಗೆ ಬಂದು ಒಂದರ ಮುಖಕ್ಕೆ ಹತ್ತಿದ ರಕ್ತವನ್ನು ಇನ್ನೊಂದು ನೆಕ್ಕಿ ತೊಳೆದವು. ಪೊದೆಯೊಳಗಿಂದ ಮರಿಗಳು ಓಡಿಬಂದವು. ಕೆಲವು ದೊಡ್ಡವು, ಕೆಲವು ತೀರ ಎಳೆಯವು. ಒಂದು ಸಿಂಹಿಣಿ ಅಡ್ಡಾಯಿತು. ಎಲ್ಲ ಮರಿಗಳೂ ನುಗ್ಗಿ ಅದರ ಹೊಟ್ಟೆಗೆ ಬಾಯಿ ಹಚ್ಚಿದವು.

"ಇದು ಹಡದದ್ದು ಇದರಾಗ ಯಾವು, ಹೇಳ್ರಿ ನೋಡೂಣು" ಅಂದರು ಅತ್ತೆ.

ದೊಡ್ಡವರು ಚಾಳೀಸು ಕನ್ನಡಕ ಹಾಕಿಕೊಂಡು ಮುಂದೆ ಸರಿದು ಕೂತರು. ನೋಡಿದರು, ನೋಡಿದರು. ತಿಳಿಯಲಿಲ್ಲ. "ಅದಕ್ಕರ ಗೊತ್ತೈತೋ ಇಲ್ಲೋ" ಅಂದರು.

"ಅದಕ್ಕ ಗೊತ್ತೈತರಿ. ಗೊತ್ತಿದ್ದೂ ಕುಡಸತೈತಿ."

ದೊಡ್ಡವರು ಅಷ್ಟಕ್ಕೇ ಸೋಲುವವರಲ್ಲ. "ಅವು ಅಕ್ಕತಂಗೇರು ಇರಬೇಕು. ಇವರಿಬ್ಬರು ಏನಾಗಬೇಕು ಒಬ್ಬರಿಗೊಬ್ಬರು?" ಅಂದರು.

ಅತ್ತೆ ನನ್ನ ಕಡೆ ಒಮ್ಮೆ ನೋಡಿ ಹೇಳಿದರು: "ಅವು ಅಕ್ಕತಂಗೇರ ಹೌದರಿ. ಸಣ್ಣಾಕಿ ನನಗ ಎಲ್ಲಾ ತಿಳಿಸಿ ಹೇಳ್ಯಾಳ. ಒಂದ ಬಳಗದಾಗ ಹುಟ್ಟಿ, ತಾಯಿ ಹಂತ್ಯಾಕನ ಉಳದವು ಕೂಡಿ ಇದ್ರ ಏನ ದೊಡ್ಡದು? ನಾ ಕಿತ್ತೂರಾಕಿ. ಈಕಿ ಮುನವಳ್ಳ್ಯಾಕಿ. ಅಲ್ಲಿ ನಿಂತಾಳಲ್ಲ, ಆಕಿ ಸುರೇಬಾನದಾಕಿ. ಮೂರೂ ಮಂದಿ ತವರ ಬಿಟ್ಟು ಬಂದವರು, ಒಬ್ಬರ ಮಾರಿ ಒಬ್ಬರು ಕಂಡವರಲ್ಲ. ಆದರೂ ಈ ಮನ್ಯಾಗ ಒಂದು ಕೂಸು ಹಸದು ಮಲಗಿಲ್ಲ. ಆ ಸಿಂಹಕ್ಕಿಂತ ನಮ್ಮದ ಒಂದು ಕೈ ಮ್ಯಾಲೆ ಅಂತ ನಾ ತಿಳಕೊಂಡೇನಿ."

ದನಿ ಏರಿಸದೆ, ಹೊಲದ ಬೆಳೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ನೆಗೆಣ್ಣಿ ತಲೆ ಎತ್ತಿ ಕೂತಳು. ಶಾಲೆಯಲ್ಲಿ, ಕಾಲೇಜಿನಲ್ಲಿ ನನಗೆ ಬಹುಮಾನ ಬಂದದ್ದುಂಟು. ಆ ಯಾವುದಕ್ಕೂ ನನ್ನ ಎದೆ ಆ ಅಂಗಳದಲ್ಲಿ ಉಬ್ಬಿದಷ್ಟು ಉಬ್ಬಿರಲಿಲ್ಲ.

ದೊಡ್ಡವರು ಬಟ್ಟಲು ಕೆಳಗಿಟ್ಟರು. "ಚಾ ಆರಿ ಹೋಗೇತಿ. ಬಾ ಒಳಗ, ಬಿಸಿ ಮಾಡಿಕೊಂಡು ಬಾ" ಅಂದರು ನನಗೆ. ಕಾಲೇಜಿನ ಮಾತನ್ನು ಮತ್ತೆ ಎತ್ತಲಿಲ್ಲ. ಇದ್ದಷ್ಟು ದಿನ ಸಂಜೆ ಅತ್ತೆಯ ಪಕ್ಕದಲ್ಲೇ ಕೂತರು. ರಾಮದುರ್ಗಕ್ಕೆ ಹೋದ ಮೇಲೂ ಫೋನು ಮಾಡಿ, ಎಲ್ಲರ ಕ್ಷೇಮ ಕೇಳಿ, ಕೊನೆಗೆ "ಆ ಕಿವಿಹರಕಿ ಮರಿ ಹಾಕಿತೇನು?" ಎಂದು ವಿಚಾರಿಸುತ್ತಿದ್ದರು.

ನಾನು ಬಿ.ಎಡ್. ಮುಗಿಸಿದೆ. ಈಗ ಸವದತ್ತಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಾಣಿಗಳ ಪಾಠ ಬಂದಾಗ ಶಾಲೆಯ ಪರದೆಯ ಮೇಲೆ ಸಿಂಹಗಳ ಚಿತ್ರ ಹಾಕುತ್ತೇನೆ. ಹುಡುಗರು ಬೇಟೆ ಬಂದಾಗ ಕೂಗುತ್ತಾರೆ. ಅದು ಮುಗಿದ ಮೇಲೆ, ಮರಿಗಳು ಹಾಲು ಕುಡಿಯುವುದನ್ನೂ ಪೂರ್ತಿ ತೋರಿಸದೆ ಬಿಡುವುದಿಲ್ಲ. ನೆಗೆಣ್ಣಿ ಗ್ರಾಮ ಪಂಚಾಯಿತಿಗೆ ನಿಂತಳು. ಅಷ್ಟು ಕಡಿಮೆ ಮಾತಿನವಳು ನಿಂತು ಗೆದ್ದಳು. ಅವಳು ಓಣಿ ಓಣಿ ತಿರುಗಿದ ದಿನಗಳಲ್ಲಿ ಎರಡೂ ಮಕ್ಕಳ ಜ್ವರ, ಜಡೆ, ಹೋಮ್‌ವರ್ಕು ನನ್ನ ಪಾಲಿಗಿದ್ದವು. ಕುಡಿಯುವ ನೀರಿನ ವಿಷಯಕ್ಕೆ ಅವಳು ಸಭೆಯಲ್ಲಿ ಮೊದಲ ಸಲ ಎದ್ದು ಮಾತಾಡಿದ್ದನ್ನು ಊರವರು ನನಗೆ ಬಂದು ಹೇಳಿದರು. ನಾನೇ ಮಾತಾಡಿದ ಹಾಗೆ ಬೀಗಿದೆ.

ಕಳೆದ ಬೇಸಿಗೆಯಲ್ಲಿ ಎಲ್ಲರೂ ಕೂಡಿ ಬೆಳಗಾವಿ ಹತ್ತಿರದ ಪ್ರಾಣಿ ಸಂಗ್ರಹಾಲಯಕ್ಕೆ ಹೋಗಿದ್ದೆವು. ಅತ್ತೆ ಕಣ್ಣಾರೆ ಸಿಂಹ ನೋಡಿದ್ದು ಅದೇ ಮೊದಲು. ಜಾಲರಿಯ ಆಚೆ ಗಿಡದ ನೆರಳಿನಲ್ಲಿ ಒಂದು ಸಿಂಹಿಣಿ ಮಲಗಿತ್ತು. ಅತ್ತೆ ಕಂಬಿ ಹಿಡಿದು ಬಹಳ ಹೊತ್ತು ನಿಂತರು. ಅದು ತಲೆ ಎತ್ತಿ ಇವರ ಕಡೆ ನೋಡಿತು. ಇವರು ಸೆರಗು ತಲೆಗೆ ಎಳೆದುಕೊಂಡರು, ಹಿರಿಯರು ಎದುರಾದಾಗ ಮಾಡುವ ಹಾಗೆ.

ನಮ್ಮ ಮಗನೂ ಮಗಳೂ ಜಾಲರಿಯ ಮುಂದೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದರು. ಇಬ್ಬರದೂ ಒಂದೇ ಎತ್ತರ. ಪಕ್ಕದಲ್ಲಿದ್ದ ಯಾರೋ ಹೆಣ್ಣುಮಗಳು ಅವರನ್ನು ನೋಡಿ ಕೇಳಿದಳು: "ಅವಳಿ ಮಕ್ಕಳೇನ್ರಿ? ಇಬ್ಬರಾಗ ತಾಯಿ ಯಾರು?"

ನೆಗೆಣ್ಣಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಅತ್ತೆ ತಿರುಗಿಯೂ ನೋಡದೆ ಉತ್ತರಿಸಿದರು.

"ಇಬ್ಬರೂರಿ."